ಹದಿನೈದನೇ ನಲ್ಲಿ

ನಮ್ಮ ನೀರು ಸರಬರಾಜು ಕೇಂದ್ರದ ಪ್ರಯೋಗಾಲಯದಲ್ಲಿ ಒಂದು ದಪ್ಪ ರಿಜಿಸ್ಟರ್ ಇದೆ. ಬೆಳಿಗ್ಗೆ ಊರಿನ ಯಾವ ಯಾವ ಬೀದಿಯ ನಲ್ಲಿಯಿಂದ ನೀರು ಹಿಡಿದು ಪರೀಕ್ಷೆ ಮಾಡಬೇಕು ಎಂಬ ಪಟ್ಟಿ ಅದರ ಮೊದಲ ಪುಟದಲ್ಲಿದೆ. ಹದಿನಾಲ್ಕು ನಲ್ಲಿಗಳು ಕಪ್ಪು ಮಸಿಯಲ್ಲಿ ನನ್ನ ಕೋಳಿಕಾಲಿನ ಅಕ್ಷರದಲ್ಲಿವೆ. ಹದಿನೈದನೆಯದು ಮಾತ್ರ ನೀಲಿ ಮಸಿಯಲ್ಲಿ, ದುಂಡಗೆ, ಮುತ್ತು ಪೋಣಿಸಿದ ಹಾಗಿದೆ. ಅದನ್ನು ಬರೆದ ಹುಡುಗಿಯ ಕಥೆ ಇದು. ಹುಡುಗಿ ಅನ್ನುತ್ತೇನೆ, ಈಗ ಅವಳ ಕಿವಿಯ ಹಿಂದೆ ನಾಲ್ಕಾರು ಬಿಳಿ ಕೂದಲು ಇಣುಕುತ್ತಿವೆ. ಆದರೂ ನನ್ನ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಅವಳು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಅಪ್ಪ ಅಮ್ಮ ಬೇಗನೆ ಕಣ್ಮುಚ್ಚಿದ್ದರು. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಅಣ್ಣನೇ ಓದಿಸಿದ. ಎರಡು ಕೋಣೆಯ ಮನೆ. ಒಂದರಲ್ಲಿ ಅಣ್ಣ, ಅತ್ತಿಗೆ, ಮಕ್ಕಳು. ಇನ್ನೊಂದರಲ್ಲಿ ಬೀರು, ಒಗೆದು ಮಡಚದ ಬಟ್ಟೆಯ ರಾಶಿ, ಗೋಡೆಗೆ ಒರಗಿಸಿದ ಸೈಕಲ್ಲು, ಇವುಗಳ ನಡುವೆ ಉಳಿದ ಜಾಗದಲ್ಲಿ ಇವಳ ಚಾಪೆ. ಅತ್ತಿಗೆ ಕೆಟ್ಟವಳಲ್ಲ. ಇವಳು ತಡವಾಗಿ ಬಂದರೆ ತಟ್ಟೆಯಲ್ಲಿ ಊಟ ಹಾಕಿ ಮುಚ್ಚಿಡುತ್ತಿದ್ದಳು. ಆದರೆ ಮುಚ್ಚಿಟ್ಟ ತಟ್ಟೆಯನ್ನು ಒಬ್ಬಳೇ ತೆರೆದು, ಒಬ್ಬಳೇ ಉಂಡು, ಸದ್ದಾಗದ ಹಾಗೆ ತೊಳೆದಿಡುವುದು ಎಂಥದ್ದು ಅಂತ ಉಂಡವರಿಗಷ್ಟೇ ಗೊತ್ತು.

ಪದವಿಯ ಕಾಗದ ಹಿಡಿದುಕೊಂಡು ವರ್ಷವಿಡೀ ಚಪ್ಪಲಿ ಸವೆಸಿದಳು. ಅವಳಿಗೆ ಬೇಕಿದ್ದದ್ದು ದೊಡ್ಡ ಕುರ್ಚಿಯೇನಲ್ಲ. ಕಲಿತ ವಿದ್ಯೆ ಕೈಗೆ ತಾಗುವಂಥ ಒಂದು ಕೆಲಸ, ಕಂಡದ್ದನ್ನು ಕಂಡ ಹಾಗೆ ಹೇಳಬಹುದಾದ ಒಂದು ಮೇಜು. ಹೋದ ಕಡೆಯಲ್ಲೆಲ್ಲ ಒಂದೇ ಪಲ್ಲವಿ: ಸೈನ್ಸ್ ಓದಿದೀರ, ಬಹಳ ಒಳ್ಳೇದು, ಔಷಧಿ ಮಾರ್ತೀರಾ? ಗೊಬ್ಬರ ಮಾರ್ತೀರಾ? ಪ್ರಯೋಗಾಲಯದವರು ಅನುಭವ ಎಲ್ಲಿ ಎಂದರು. ಅನುಭವ ಕೊಡುವವರು ಯಾರು ಎಂದು ಮಾತ್ರ ಯಾರೂ ಹೇಳಲಿಲ್ಲ.

ಕಡೆಗೆ ಅಣ್ಣ ಕೂರಿಸಿಕೊಂಡು ಹೇಳಿದ: "ನಿನ್ನ ಕೈಲಿ ಆಗಲ್ಲ ಅಂತಲ್ಲ ಕಣೇ. ಬುದ್ಧಿ ಇದೆ, ಬಾಯಿಲ್ಲ. ನೀರು ಶುದ್ಧ ಮಾಡೋ ಯಂತ್ರದ ಕಂಪನಿಯವರು ಹುಡುಗೀರನ್ನ ತಗೋತಿದಾರಂತೆ. ನಾಲ್ಕು ಬಾಗಿಲು ತಟ್ಟು, ಬಾಯಿ ತಾನೇ ಬರುತ್ತೆ."

"ನಂಗೆ ಮಾರೋಕೆ ಬರಲ್ಲ ಅಣ್ಣ."

"ಹುಟ್ಟುವಾಗ್ಲೇ ಯಾರಿಗೆ ಏನು ಬಂದಿರುತ್ತೆ? ನಂಗೇನು ಟೈಪ್ ಮಾಡೋಕೆ ಬರ್ತಿತ್ತಾ?"

ಸೇರಿಕೊಂಡಳು. ಅಲ್ಲಿ ಅವಳ ಕೈಗೆ ಒಂದು ಚೀಲ ಕೊಟ್ಟರು. ಚೀಲದಲ್ಲಿ ಎರಡು ಲೋಟ, ವಿದ್ಯುತ್ ತಂತಿಗೆ ಸಿಕ್ಕಿಸಿದ ಒಂದು ಜೊತೆ ಲೋಹದ ಕಡ್ಡಿ. ಒಂದು ಲೋಟದಲ್ಲಿ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಎರಡಕ್ಕೂ ಕಡ್ಡಿ ಅದ್ದಿ ಗುಂಡಿ ಒತ್ತಿದರೆ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಗಸಿ ಗಸಿಯಾಗಿ, ಚರಂಡಿಯಿಂದ ಮೊಗೆದು ತಂದ ಹಾಗೆ ಕಾಣುತ್ತದೆ. ಯಂತ್ರದ ನೀರು ಕನ್ನಡಿಯ ಹಾಗೆ ಹಾಗೇ ಇರುತ್ತದೆ. ನೋಡಿದ ಮನೆಯವರ ಎದೆ ಧಸಕ್ ಎನ್ನದೆ ಇರುವುದಿಲ್ಲ.

ತರಬೇತಿ ಕೊಟ್ಟ ಮ್ಯಾನೇಜರ್ ಹೇಳಿದ್ದ: "ಇದು ಕೊಳೆ ಅಂತ ನೀವು ಹೇಳಲೇಬೇಡಿ. 'ನೋಡಿ ಮೇಡಂ' ಅಂತ ಸುಮ್ಮನೆ ನಿಂತ್ಕೊಳ್ಳಿ. ಉಳಿದದ್ದು ಅವರೇ ಹೇಳ್ಕೋತಾರೆ."

ಬೇರೆ ಹುಡುಗಿಯರು ತಲೆದೂಗಿದರು. ಇವಳಿಗೆ ಮಾತ್ರ ಮೊದಲ ಸಲ ನೋಡಿದ ಕೂಡಲೇ ಗುಟ್ಟು ಗೊತ್ತಾಗಿಹೋಯಿತು. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನಲ್ಲಿ ನೀರಿನಲ್ಲಿ ಸಹಜವಾಗಿಯೇ ಒಂದಿಷ್ಟು ಲವಣ ಕರಗಿರುತ್ತದೆ, ಅದರ ಮೂಲಕ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಯಂತ್ರ ಲವಣವನ್ನೆಲ್ಲ ಸೋಸಿಬಿಡುವುದರಿಂದ ಆ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಲೋಟದಲ್ಲಿ ಕಂಡ ಕೊಳಕು ನೀರಿನದ್ದಲ್ಲ, ಕಡ್ಡಿಯದ್ದು. ಓದಿದ್ದು ಹೀಗೆ ಉಪಯೋಗಕ್ಕೆ ಬಂತಲ್ಲ ಎಂದು ಆ ದಿನ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳಂತೆ.

ಎರಡು ವರ್ಷ ಅದೇ ಚೀಲ ಹೊತ್ತಳು. ದಿನಕ್ಕೆ ನಲವತ್ತು ಬಾಗಿಲು. ಮೂವತ್ತೈದು ತೆರೆಯುವುದಿಲ್ಲ, ನಾಲ್ಕು ತೆರೆದು ಮುಚ್ಚುತ್ತವೆ. ಒಂದು ತೆರೆದರೆ ಕಡ್ಡಿ ಅದ್ದುವ ಹೊತ್ತಿಗೆ ಇವಳು ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದಳು. ಕಾಲೇಜಿನ ಗೆಳತಿಯರು ಫೋನ್ ಮಾಡುವುದನ್ನು ನಿಲ್ಲಿಸಿದರು. ಎಲ್ಲಿ ನಮಗೂ ಯಂತ್ರ ಮಾರುತ್ತಾಳೋ ಎಂಬ ಹೆದರಿಕೆ ಅವರಿಗೆ. ಮಧ್ಯಾಹ್ನದ ಡಬ್ಬಿಯನ್ನು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಚ್ಚುತ್ತಿದ್ದಳು, ಬಸ್ ಕಾಯುವವಳ ಹಾಗೆ ನಟಿಸುತ್ತ.

ಊರ ಕಟ್ಟಕಡೆಯ ಹೊಸ ಬೀದಿಯಲ್ಲಿ ಒಬ್ಬ ಹೆಂಗಸು ಒಂಟಿಯಾಗಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕರೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಮದುವೆ ಆಗಿರಲಿಲ್ಲ. ಬೀದಿಯವರೆಲ್ಲ ಟೆಲಿಫೋನಮ್ಮ ಅಂತಲೇ ಕರೆಯುತ್ತಿದ್ದರು. ಬಾಗಿಲು ತೆರೆಯುವಾಗ ಹಳೇ ಅಭ್ಯಾಸದಲ್ಲಿ "ನಂಬರ್ ಪ್ಲೀಸ್" ಎಂದು ತಮಾಷೆ ಮಾಡುವುದು, ಕೂತರೆ ಬೆನ್ನು ಕುರ್ಚಿಗೆ ತಾಗಿಸದಿರುವುದು ಅವರ ರೀತಿ. ಅವರು ಇವಳನ್ನು ಒಳಗೆ ಕರೆದು, ಫ್ಯಾನ್ ಹಾಕಿ, ಕಡ್ಡಿ ಅದ್ದುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ನೀರು ಕಂದಾಯಿತು. ನೇರವಾಗಿ ಕೇಳಿದರು: "ಇದು ನಮ್ಮನೆ ನೀರಿನ ಕೊಳೆನಾ?"

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಆ ತಿಂಗಳು ಒಂದೂ ಯಂತ್ರ ಹೋಗಿರಲಿಲ್ಲ, ಮ್ಯಾನೇಜರ್ ಎಲ್ಲರೆದುರು ಮುಖದ ನೀರಿಳಿಸಿದ್ದ.

"ಹೌದು," ಎಂದುಬಿಟ್ಟಳು.

ಟೆಲಿಫೋನಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, "ಸರಿ, ಹಾಕಿಸು," ಎಂದರು.

ಆಮೇಲೆ ತಿಂಗಳಿಗೊಮ್ಮೆ ಯಂತ್ರದ ಜಾಲರಿ ತೊಳೆಯಲು ಹೋಗುತ್ತಿದ್ದಳು. ಹತ್ತು ನಿಮಿಷದ ಕೆಲಸಕ್ಕೆ ಒಂದು ತಾಸು ಹಿಡಿಯುತ್ತಿತ್ತು. ಊರಿನಲ್ಲಿ ಯಾರು ಯಾರಿಗೆ ಏನಂದರು ಎಂಬುದೆಲ್ಲ ಟೆಲಿಫೋನಮ್ಮನ ನಾಲಿಗೆ ತುದಿಯಲ್ಲಿತ್ತು. ಇವಳು ನಗುತ್ತಿದ್ದಳು. ಮನೆಗೆ ಹೊರಟ ಮೇಲೆ ಆ "ಹೌದು" ಎಂಬ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಆಡುತ್ತಿತ್ತು.

ನಾನು ಅವಳನ್ನು ಮೊದಲು ನೋಡಿದ್ದು ನಮ್ಮ ಗೇಟಿನಲ್ಲಿ. ಮ್ಯಾನೇಜರ್ ಆ ವಾರ ಸರ್ಕಾರಿ ಕಚೇರಿಗಳಿಗೆ ಹೋಗಿ ಮಾರಿ ಎಂದು ಪಟ್ಟಿ ಹಂಚಿದ್ದನಂತೆ. ಪಟ್ಟಿಯಲ್ಲಿ ನೀರು ಸರಬರಾಜು ಕೇಂದ್ರವೂ ಇತ್ತು. ಚೀಲ ನೋಡಿದ ತಕ್ಷಣ ನನಗೆ ನಗು ತಡೆಯಲಾಗಲಿಲ್ಲ.

"ದರ್ಜಿ ಮನೆಗೇ ಸೂಜಿ ಮಾರೋಕೆ ಬಂದ್ಯೇನಮ್ಮಾ?"

ಅವಳು ನಗಲಿಲ್ಲ. ಬಿಸಿಲಿಗೆ ಮುಖ ಕೆಂಡವಾಗಿತ್ತು.

"ಬಾ ಒಳಗೆ," ಎಂದೆ. "ಆ ಕಡ್ಡಿ ಆಟ ನಮ್ಗೂ ಒಂದ್ಸಲ ತೋರಿಸು, ಪುಣ್ಯ ಬರುತ್ತೆ."

"ಇಲ್ಲಿ ಬೇಡ ಯಜಮಾನ್ರೇ."

"ಯಾಕೆ?"

"ಇಲ್ಲಿರೋರಿಗೆ ಗೊತ್ತಿರುತ್ತೆ."

ಆ ಮಾತಿಗೆ ನಾನು ಸೋತೆ. ನಾನು ಓದಿದ್ದು ಏಳನೇ ಕ್ಲಾಸು. ಪಂಪ್ ಹೌಸಿನಲ್ಲಿ ಎಣ್ಣೆ ಹಾಕುವವನಾಗಿ ಸೇರಿ, ಕಿಟಕಿಯಿಂದ ಕದ್ದು ನೋಡಿ ನೋಡಿ ಪ್ರಯೋಗಾಲಯದ ಕೆಲಸ ಕಲಿತವನು. ನೀರನ್ನು ಮೂಗಿನ ಹತ್ತಿರ ತಂದರೆ ಯಾವ ತೊಟ್ಟಿಯದು ಅಂತ ಹೇಳಬಲ್ಲೆ. ಆದರೆ ತನಗೆ ಅನ್ನ ಹಾಕುತ್ತಿರುವ ಸುಳ್ಳನ್ನು ಕೇಳಿದ ಕೂಡಲೇ ಒಪ್ಪಿಕೊಂಡವರನ್ನು ಅದುವರೆಗೆ ಕಂಡಿರಲಿಲ್ಲ.

ಕುಡಿಯಲು ನೀರು ಕೊಡಲು ಪ್ರಯೋಗಾಲಯಕ್ಕೆ ಕರೆದೆ. ಬಾಗಿಲಲ್ಲಿ ಕಾಲಿಟ್ಟವಳು ಹಾಗೇ ನಿಂತಳು. ಗಾಜಿನ ನಳಿಗೆಗಳು, ಸಣ್ಣ ತಕ್ಕಡಿ, ಬಿಳಿ ಹಂಚಿನ ಮೇಜು, ಕಿಟಕಿಯ ಬೆಳಕು. ಊರು ಬಿಟ್ಟುಹೋದವರು ಬಹಳ ದಿನದ ಮೇಲೆ ತಮ್ಮ ಬೀದಿ ಕಂಡ ಹಾಗಿತ್ತು ಅವಳ ನೋಟ. ನೀರು ಕುಡಿಯುವುದು ಬಿಟ್ಟು, ನಾನು ಓದಿ ಚೀಟಿಯಲ್ಲಿ ಬರೆದಿಟ್ಟು ಅರ್ಧಕ್ಕೆ ನಿಲ್ಲಿಸಿದ್ದ ಗಾಜಿನ ನಳಿಗೆಯ ಮುಂದೆ ಮಂಡಿ ಬಗ್ಗಿಸಿ, ಕಣ್ಣನ್ನು ಗೆರೆಯ ಸಮಕ್ಕೆ ತಂದು, "ಹನ್ನೆರಡೂವರೆ ಅಲ್ಲ ಯಜಮಾನ್ರೇ, ಹನ್ನೆರಡು ಪಾಯಿಂಟ್ ಮೂರು. ನಿಂತು ಓದಿದೀರ," ಎಂದಳು.

ಸಿಟ್ಟು ಬಂತು, ನಿಜ. ಬಗ್ಗಿ ನೋಡಿದೆ. ಹನ್ನೆರಡು ಪಾಯಿಂಟ್ ಮೂರೇ.

ನಮ್ಮ ಕೆಮಿಸ್ಟ್ ಸಾಹೇಬರು ಅದನ್ನು ಒಳಗಿನಿಂದ ಕೇಳಿಸಿಕೊಂಡಿದ್ದರು. ಬೀದಿ ಬೀದಿ ಸುತ್ತಿ ನೀರು ಹಿಡಿದು ತರುವ ಕೆಲಸ ಖಾಲಿ ಇತ್ತು, ಬರ್ತೀಯಾ ಎಂದು ಕೇಳಿದರು. ಆರು ತಿಂಗಳ ತಾತ್ಕಾಲಿಕ, ಆಮೇಲಿನದು ದೇವರಿಗೆ ಗೊತ್ತು. ಅದೇ ವಾರ ಕಂಪನಿಯವರು, ಮಾರಲು ಬಾರದಿದ್ದರೂ ಸೈನ್ಸ್ ಓದಿದವಳು ಎಂದು, ಇವಳಿಗೆ ಹೊಸ ಹುಡುಗಿಯರಿಗೆ ತರಬೇತಿ ಕೊಡುವ ದೊಡ್ಡ ಹುದ್ದೆ ಕೊಡುತ್ತೇವೆ ಎಂದಿದ್ದರು. ಇವಳು ನಮ್ಮಲ್ಲಿಗೆ ಬಂದಳು. ಅಣ್ಣ ಎಂಟು ದಿನ ಮಾತು ಬಿಟ್ಟ.

ನೀರು ಹಿಡಿಯುವುದು ಅಂದರೆ ಬಿಂದಿಗೆ ತುಂಬಿಸಿದ ಹಾಗಲ್ಲ. ನಲ್ಲಿಯ ಮೂತಿಯನ್ನು ಒರೆಸಬೇಕು, ಸ್ಪಿರಿಟ್ ಹತ್ತಿಯ ಬೆಂಕಿ ತಾಗಿಸಬೇಕು, ಎರಡು ನಿಮಿಷ ನೀರು ಹರಿಯಲು ಬಿಡಬೇಕು, ಸೀಸೆಯ ಕುತ್ತಿಗೆಗೆ ಬೆರಳು ತಾಗಬಾರದು. ಇನ್ನೊಂದು ಸಣ್ಣ ಕೊಳವೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಹಾಕಬೇಕು. ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿಯಾಗುತ್ತದೆ. ಎಷ್ಟು ಹಳದಿ ಎಂದು ಬಣ್ಣದ ಗಾಜಿನ ಪಟ್ಟಿಗೆ ಹೋಲಿಸಿ ನೋಡಿ ಅಂಕಿ ಬರೆಯಬೇಕು, ಅದು ಪಾಯಿಂಟ್ ಎರಡಕ್ಕಿಂತ ಇಳಿಯಬಾರದು. ಹಳದಿ ಇದೆ ಅಂದರೆ ರೋಗದ ಕ್ರಿಮಿಗೆ ಬಾಗಿಲಲ್ಲಿ ಕಾವಲಿದೆ ಎಂದರ್ಥ.

ಅವಳು ಮೈಯೆಲ್ಲ ಕಣ್ಣಾಗಿ ಮಾಡಿದಳು. ಆದರೆ ಒಂಟಿತನವೇನೂ ಕಳೆಯಲಿಲ್ಲ. ಹಿಂದೆ ಬಾಗಿಲು ಮುಚ್ಚುತ್ತಿದ್ದವರು ಈಗ ಅವಳನ್ನು ಕಾಣುತ್ತಲೇ ಇರಲಿಲ್ಲ. ಬೀದಿಯ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಹೆಣ್ಣನ್ನು ಯಾರು ಮಾತಾಡಿಸುತ್ತಾರೆ? ಮಧ್ಯಾಹ್ನ ಶೋಧನಾ ತೊಟ್ಟಿಯ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಒಂದು ದಿನ ಕೇಳಿದೆ: "ಬೇಜಾರಾಗಲ್ವೇನಮ್ಮಾ?"

"ಆಗುತ್ತೆ," ಎಂದಳು. "ಆದ್ರೆ ಇಲ್ಲಿ ಬಸ್ ಕಾಯೋ ನಾಟಕ ಮಾಡ್ಬೇಕಾಗಿಲ್ಲ."

ಆರು ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಆ ಮಧ್ಯಾಹ್ನ ಅವಳು ಒಂದು ಕೊಳವೆ ತಂದು ನನ್ನ ಮುಂದಿಟ್ಟಳು. ಔಷಧಿ ಹಾಕಿದ ನೀರು, ಒಂದು ಚೂರೂ ಹಳದಿಯಿಲ್ಲ. ಹಾಲುಗಾಜಿನ ಮೇಲೆ ಹಿಡಿದರೂ ಬೆಳ್ಳಗೇ ಇತ್ತು.

"ಎಲ್ಲಿದಿದು?"

"ಟೆಲಿಫೋನಮ್ಮನ ಗೇಟಿನ ಪಕ್ಕದ ನಲ್ಲಿ."

ಆಗಲೇ ಅವಳು ತನ್ನ "ಹೌದು" ಎಂಬ ಸುಳ್ಳಿನ ಕಥೆಯನ್ನೆಲ್ಲ ನನಗೆ ಹೇಳಿದ್ದು. ಕಂಪನಿ ಬಿಟ್ಟ ಮೇಲೆ ಆ ಮನೆಯ ಕಡೆ ಮುಖ ಹಾಕಿರಲಿಲ್ಲ. ಹೋಗಿ ತಪ್ಪು ಒಪ್ಪಿಕೊಳ್ಳಬೇಕು, ನಿಮ್ಮ ನೀರು ಮೊದಲಿನಿಂದಲೂ ಶುದ್ಧವಾಗಿಯೇ ಇತ್ತು ಅನ್ನಬೇಕು ಎಂದುಕೊಂಡಳು. ಬೇರೆಯವರಾಗಿದ್ದರೆ ನೇರ ಹೋಗಿ ಕಾಲು ಹಿಡಿಯುತ್ತಿದ್ದರು. ಇವಳು ಓದಿದವಳಲ್ಲವೇ! ಶುದ್ಧ ಅಂತ ಹೇಳುವ ಮೊದಲು ಪರೀಕ್ಷೆ ಮಾಡಿದಳು. ಮನೆಯವರನ್ನು ಕೂಗದೆ, ಗೇಟಿನ ನಲ್ಲಿಯಿಂದ ಮೂರು ದಿನ ಮೂರು ಸಲ ಹಿಡಿದಳು. ಮೂರು ಸಲವೂ ಕ್ಲೋರಿನ್ ಸೊನ್ನೆ. ಕಡ್ಡಿ ತೋರಿಸಿದ್ದು ಸುಳ್ಳು, ಆದರೆ ನೀರಿಗೆ ಕಾವಲಿಲ್ಲ ಎನ್ನುವುದು ನಿಜ.

ನಾನು ಏನು ಮಾಡಿದೆ ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಕಥೆ ಕುಂಟುತ್ತದೆ. ನನಗೆ ರೇಗಿತು.

"ಪಟ್ಟಿಲಿಲ್ಲದ ನಲ್ಲಿ ನಿಂಗ್ಯಾಕೆ ಬೇಕಿತ್ತು? ನಾನು ಮಾಡಿದ ಪಟ್ಟಿ ಅದು. ಇಪ್ಪತ್ತೈದು ವರ್ಷದಿಂದ ಊರಿನ ಮೂಲೆ ಮೂಲೇನೂ ಅದ್ರಲ್ಲಿದೆ."

"ಆ ಬೀದಿ ಹುಟ್ಟಿ ಹನ್ನೆರಡು ವರ್ಷ ಆಯ್ತು ಯಜಮಾನ್ರೇ," ಎಂದಳು ಮೆಲ್ಲಗೆ.

ಕೆಮಿಸ್ಟ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ರಿಜಿಸ್ಟರಿಗೆ ಹತ್ತಿದ್ರೆ ಮೇಲಿನೋರು ಹನ್ನೆರಡು ವರ್ಷ ಏನು ಮಾಡ್ತಿದ್ರಿ ಅಂತ ಕೇಳ್ತಾರೆ. ನಿನ್ನ ಅವಧಿ ಬೇರೆ ಮುಗೀತಾ ಬಂತು. ವಾಲ್ವ್ ನೋಡೋರಿಗೆ ಬಾಯಲ್ಲೇ ಹೇಳೋಣ ಬಿಡು."

"ಬಾಯಲ್ಲಿ ಹೇಳಿದ್ದು ನಾಳೆ ಮರ್ತುಹೋಗುತ್ತೆ ಸರ್. ಅಲ್ಲಿ ಜನ ಇದಾರೆ."

"ನಿನ್ನ ಕೆಲಸ ಹೋದೀತು."

ಈ ಬಿಳಿ ಹಂಚಿನ ಮೇಜು ಬಿಟ್ಟರೆ ಮತ್ತೆ ಆ ಚೀಲ, ಆ ಬಾಗಿಲುಗಳು, ಆ ಕಲ್ಲುಬೆಂಚು. ಅವಳ ಕಣ್ಣಲ್ಲಿ ಅದೆಲ್ಲ ಹಾದುಹೋದದ್ದು ನನಗೆ ಕಂಡಿತು. ಆಮೇಲೆ ಲೇಖನಿ ತೆಗೆದುಕೊಂಡಳು. ನನ್ನ ಹದಿನಾಲ್ಕನೇ ಸಾಲಿನ ಕೆಳಗೆ ನೀಲಿ ಮಸಿಯಲ್ಲಿ ಬೀದಿ, ಮನೆ ಬರೆದು, ಆ ದಿನದ ಪುಟ ತೆರೆದು ಹೊತ್ತು ಬರೆದು, ಕ್ಲೋರಿನ್ ಎಂಬ ಅಂಕಣದಲ್ಲಿ ಒಂದು ದುಂಡನೆಯ ಸೊನ್ನೆ ಹಾಕಿದಳು.

"ಇಷ್ಟಕ್ಕೂ ನಾನು ಸುಳ್ಳು ಹೇಳ್ಬಾರ್ದು ಅಂತ ತಾನೇ ಇಲ್ಲಿಗೆ ಬಂದಿದ್ದು," ಎಂದಳು.

ಬರೆದದ್ದನ್ನು ಅಳಿಸುವ ಹಾಗಿರಲಿಲ್ಲ. ಮರುದಿನ ಕೊಳಾಯಿಯವರು ಹೋಗಿ ನೆಲ ಅಗೆದು ನೋಡಿದರೆ, ಆ ಬೀದಿಯ ವಾಲ್ವ್ ಕಾಲು ಭಾಗ ಮಾತ್ರ ತೆರೆದಿತ್ತು. ಪೈಪು ಹಾಕಿದ ದಿನದಿಂದಲೂ ಹಾಗೇ ಇದ್ದಿರಬೇಕು. ಕಡೆಯ ಮನೆಗೆ ಬರುವಷ್ಟರಲ್ಲಿ ನೀರು ಪೈಪಿನಲ್ಲೇ ದಿನಗಟ್ಟಲೆ ಮಲಗಿ ಕ್ಲೋರಿನ್ ಆರಿಹೋಗುತ್ತಿತ್ತು. ಪೂರ್ತಿ ತೆರೆದು ಒಂದು ಗಂಟೆ ಹರಿಯಬಿಟ್ಟರು. ಮೊದಲು ಬಂದ ನೀರು ಕಂದು ಬಣ್ಣದ್ದು. ಈ ಸಲ ಯಾರೂ ಕಡ್ಡಿ ಅದ್ದಿರಲಿಲ್ಲ.

ಅದೇ ಸಂಜೆ ಅವಳು ಹಳೇ ಚೀಲ ಹುಡುಕಿ ತೆಗೆದು ಟೆಲಿಫೋನಮ್ಮನ ಬಾಗಿಲು ತಟ್ಟಿದಳು. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು.

"ನಂಬರ್ ಪ್ಲೀಸ್," ಎಂದು ತೆರೆದ ಟೆಲಿಫೋನಮ್ಮ ಅವಳನ್ನು ನೋಡಿ ಹುಬ್ಬೇರಿಸಿದರು. "ಓಹೋ, ರಾಣಿಯವರು! ಏಳು ತಿಂಗಳಾಯ್ತು. ಯಂತ್ರ ಸತ್ತುಹೋಗಿದೆ, ತಿಥೀನೂ ಆಯ್ತು. ಇವ್ರ್ಯಾರು, ಹೊಸ ಏಜೆಂಟಾ?"

ಅವಳು ಒಳಗೆ ಬಂದು ಚೀಲ ಬಿಚ್ಚಿದಳು. ನಮ್ಮ ಪ್ರಯೋಗಾಲಯದಿಂದ ತಂದಿದ್ದ, ಏನೂ ಕರಗಿರದ ಶುದ್ಧ ನೀರನ್ನು ಲೋಟಕ್ಕೆ ಸುರಿದು ಕಡ್ಡಿ ಅದ್ದಿ ಗುಂಡಿ ಒತ್ತಿದಳು. ನೀರು ಕನ್ನಡಿಯ ಹಾಗೇ ಇತ್ತು. ಆಮೇಲೆ ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಹಾಕಿದಳು. ನೋಡನೋಡುತ್ತಿದ್ದ ಹಾಗೆ ಲೋಟವೆಲ್ಲ ಕಂದಾಯಿತು.

"ಕೊಳೆ ಕಡ್ಡಿದು ಅಮ್ಮ. ನಿಮ್ಮ ನೀರಿಂದಲ್ಲ. ಅವತ್ತು ನಾನು ನಿಮ್ಗೆ ಸುಳ್ಳು ಹೇಳ್ದೆ."

ಟೆಲಿಫೋನಮ್ಮ ಲೋಟವನ್ನು ನೋಡಲೇ ಇಲ್ಲ.

"ಗೊತ್ತಿತ್ತು ಕಣೇ. ಮೂವತ್ತು ವರ್ಷ ಊರಿನ ಸುಳ್ಳೆಲ್ಲ ನನ್ನ ಕಿವಿ ಮೂಲಕಾನೇ ಹಾದುಹೋಗಿದೆ. ನೀನು 'ಹೌದು' ಅಂದಾಗ ನಿನ್ನ ದನಿ ಒಡೀತು."

"ಮತ್ಯಾಕೆ ತಗೊಂಡ್ರಿ?"

"ತಿಂಗಳಿಗೊಂದ್ಸಲ ತೊಳೆಯೋಕೆ ಬರ್ತೀನಿ ಅಂದ್ಯಲ್ಲ," ಎಂದರು. ಸೆರಗಿನಿಂದ ಮೇಜನ್ನು ಒರೆಸುತ್ತ ಸೇರಿಸಿದರು: "ಬರ್ತಾನೂ ಇದ್ದೆ. ಆಮೇಲೆ ನಿಲ್ಲಿಸ್ಬಿಟ್ಟೆ."

ನಾನು ಎದ್ದು ಅಂಗಳಕ್ಕೆ ಹೋಗಿ ನಲ್ಲಿ ನೋಡುವವನ ಹಾಗೆ ನಿಂತೆ.

ಒಂಬತ್ತನೇ ದಿನ ಅವಳ ಅವಧಿ ಮುಗಿಯಿತು. ಮೇಲಿನವರಿಂದ ಬೈಗುಳದ ಕಾಗದ ಬಂದದ್ದು ಸಾಹೇಬರಿಗೆ, ಅವಳಿಗೆ ಅಲ್ಲ. ಅವಳು ಮೇಜು ಒರೆಸಿ, ಸೀಸೆಗಳನ್ನು ಬೋರಲು ಹಾಕಿ, ಡಬ್ಬಿ ಚೀಲಕ್ಕೆ ಇಟ್ಟುಕೊಂಡು ನಿಂತಳು. ಸಾಹೇಬರು ರಿಜಿಸ್ಟರಿನಿಂದ ತಲೆ ಎತ್ತದೆ ಗೊಣಗಿದರು: "ನಾಳೆ ಹದಿನೈದನೇ ನಲ್ಲಿಗೆ ಯಾರು ಹೋಗ್ತಾರೆ? ಊರಾಚೆ ಇದೆ ಅದು. ಯಜಮಾನ್ರಿಗೆ ಮಂಡಿ ನೋವು. ಇನ್ನಾರು ತಿಂಗಳಿಗೆ ಬರ್ಕೊಡ್ತೀನಿ, ಬಾ." ಹಾಗೆ ಆರಾರು ತಿಂಗಳು ಜಗ್ಗಿ, ನಾಲ್ಕನೇ ವರ್ಷದಲ್ಲಿ ಕಾಯಂ ಆಯಿತು.

ಅಂದಿನಿಂದ ಪ್ರತಿ ಬೆಳಿಗ್ಗೆ ಕೊನೆಯ ನೀರು ಟೆಲಿಫೋನಮ್ಮನ ಗೇಟಿನದು. ನಲ್ಲಿಗೆ ಬೆಂಕಿ ತಾಗಿಸಿ ಎರಡು ನಿಮಿಷ ಹರಿಯಲು ಬಿಡಬೇಕಲ್ಲ, ಆ ಎರಡು ನಿಮಿಷ ಅವರ ಪಾಲಿನದು. ಜಗಲಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಎರಡು ತಾಸಿನ ಮಾತನ್ನು ಅಷ್ಟರಲ್ಲೇ ತುರುಕುತ್ತಿದ್ದರು. ಕಡೆಗೆ ಅವಳು ಕೊಳವೆಯನ್ನು ಬೆಳಕಿಗೆ ಹಿಡಿದಾಗ ಕೇಳುತ್ತಿದ್ದರು: "ನಿಜ ಹೇಳು, ಇವತ್ತೆಷ್ಟು?" ಅವಳು ಹೇಳುತ್ತಿದ್ದಳು. ಆಮೇಲೆ ಇಬ್ಬರೂ ತಮ್ಮ ತಮ್ಮ ಒಂಟಿ ದಿನಕ್ಕೆ ಹಿಂತಿರುಗುತ್ತಿದ್ದರು.

ಟೆಲಿಫೋನಮ್ಮ ಹೋಗಿ ಮೂರು ವರ್ಷವಾಯಿತು. ಮನೆಗೆ ಬೀಗ ಬಿದ್ದಿದೆ. ಗೇಟಿನ ನಲ್ಲಿ ಇನ್ನೂ ಪಟ್ಟಿಯಲ್ಲಿದೆ, ಬೀದಿಯ ಕೊನೆಯ ನೀರು ಅಲ್ಲಿಯದೇ. ಅಣ್ಣನ ಮನೆ ಬಿಟ್ಟು ಅವಳು ಈಗ ಕೇಂದ್ರದ ಹತ್ತಿರವೇ ಒಂದು ಕೋಣೆ ಮಾಡಿಕೊಂಡಿದ್ದಾಳೆ. ತಟ್ಟೆ ಮುಚ್ಚಿಡುವವರೂ ಇಲ್ಲ. ಕೆಲಸ ಹೇಗಿದೆ ಎಂದು ಕೇಳಿದರೆ ಕಣ್ಣು ಬೆಳಗುತ್ತದೆ. ಉಳಿದದ್ದನ್ನು ನಾನು ಕೇಳುವುದಿಲ್ಲ.

ಕಳೆದ ತಿಂಗಳು ಮಂಡಿ ನೋವು ಸ್ವಲ್ಪ ಕಡಿಮೆ ಇದ್ದದ್ದರಿಂದ ಅವಳ ಜೊತೆ ಅಲ್ಲಿಯವರೆಗೆ ನಡೆದೆ. ಗೇಟು ತೆರೆದಳು, ನಲ್ಲಿ ಒರೆಸಿದಳು, ಬೆಂಕಿ ತಾಗಿಸಿದಳು, ನೀರು ಬಿಟ್ಟಳು. ಎರಡು ನಿಮಿಷ ಜಗಲಿಯ ಕಡೆ ತಿರುಗಿ ಸುಮ್ಮನೆ ನಿಂತಳು. ಜಗಲಿಯ ಮೇಲೆ ಒಣಗಿದ ಎಲೆಗಳು ಬಿದ್ದಿದ್ದವು. ಆಮೇಲೆ ಕೊಳವೆಗೆ ನೀರು ಹಿಡಿದು, ಹನಿ ಹಾಕಿ, ಬೆಳಕಿಗೆ ಎತ್ತಿ ನೋಡಿದಳು. ತೆಳುವಾದ ಹಳದಿ.

ಬರೆದುಕೊಳ್ಳುವ ಮೊದಲು ಮುಚ್ಚಿದ ಬಾಗಿಲ ಕಡೆ ನೋಡಿ, ಕೇಳಿಸಲಿ ಎಂಬಷ್ಟು ಗಟ್ಟಿಯಾಗಿ ಹೇಳಿದಳು:

"ಪಾಯಿಂಟ್ ಮೂರು, ಅಮ್ಮ."